ಥಾರ್‌ಗೆ ಮಡ್ ಟೈರೋ ಎ.ಟಿ.ಯೋ: ತೋಟದ ಕೆಸರು, ಶಿರಾಡಿಯ ಟಾರು

ಸಕಲೇಶಪುರದ ಹತ್ತಿರ ತೋಟ, ಮಳೆಗಾಲದಲ್ಲಿ ಕೆಂಪು ಮಣ್ಣಿನ ಏರು ಹತ್ತುವಾಗ ಮಹೀಂದ್ರ ಥಾರ್ ಜಾರುತ್ತೆ, ಅದೇ ಗಾಡಿಯಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೂ ಆಗಾಗ ಹೋಗಬೇಕು, ಮಡ್ ಟೈರ್ ಹಾಕಿಸಲೇ ಅಂತ ಕೇಳಿದ್ದೀರಿ. ನಿಮ್ಮ ಓಡಾಟಕ್ಕೆ ಬೇಡ. ಮಣ್ಣು, ಟಾರು ಎರಡಕ್ಕೂ ಆಗುವ ಒಳ್ಳೆಯ ಆಲ್ ಟೆರೇನ್ (ಎ.ಟಿ.) ಟೈರ್ ಹಾಕಿಸಿ, ಜೊತೆಗೆ ಒಂದು 12 ವೋಲ್ಟ್ ಕಂಪ್ರೆಸರ್ ಮತ್ತು ಹಿಂದಿನ ಎರಡು ಚಕ್ರಕ್ಕೆ ಚೈನ್ ತಗೊಳ್ಳಿ.

ಮಡ್ ಟೈರಿನ ಗುಬ್ಬಿಗಳು (ನೆಲ ಕಚ್ಚುವ ರಬ್ಬರಿನ ಉಬ್ಬುಗಳು) ದೊಡ್ಡವು, ನಡುವಿನ ಸಂದು ಅಗಲ. ಚಕ್ರ ಜೋರಾಗಿ ತಿರುಗಿದಾಗ ಸಂದಿನ ಕೆಸರು ಹೊರಗೆ ಸಿಡಿದು, ಮುಂದಿನ ಸುತ್ತಿಗೆ ಗುಬ್ಬಿ ಮತ್ತೆ ಕಚ್ಚುತ್ತೆ. ಟಾರಿನ ಮೇಲೆ ಆ ಅಗಲ ಸಂದೇ ತೊಂದರೆ. ನೆಲಕ್ಕೆ ತಾಗುವ ರಬ್ಬರ್ ಕಡಿಮೆ, ನೀರಿನ ಪೊರೆ ಒರೆಸುವ ಸಣ್ಣ ಸೀಳುಗಳೂ ಕಡಿಮೆ, ಹಾಗಾಗಿ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲೋಕೆ ಹೆಚ್ಚು ದೂರ ಬೇಕು. ಜುಲೈ ತಿಂಗಳ ಶಿರಾಡಿ ನಿಮಗೇ ಗೊತ್ತು: ತಿರುವು, ಹರಿಯುವ ನೀರು, ಎದುರಿಗೆ ಟ್ಯಾಂಕರ್. ತೋಟದಲ್ಲಿ ಹೂತರೆ ಪಕ್ಕದವರ ಟ್ರ್ಯಾಕ್ಟರ್ ಬಂದು ಎಳೆಯುತ್ತೆ. ಘಾಟಿಯಲ್ಲಿ ಬ್ರೇಕ್ ಹಿಡಿಯದಿದ್ದರೆ ಯಾರೂ ಏನೂ ಮಾಡೋಕಾಗಲ್ಲ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು, ಆ ಲೆಕ್ಕ ಮೊದಲು ಬರಲಿ.

ಇನ್ನು ಏರಿನ ವಿಷಯ. ಟೈರ್ ಬದಲಿಸುವ ಮೊದಲು ಗಾಳಿ ಇಳಿಸಿ ನೋಡಿದ್ದೀರಾ? ತೋಟದ ಗೇಟಿನಲ್ಲಿ 20 ಪಿಎಸ್‌ಐ ಸುಮಾರಿಗೆ ತನ್ನಿ. ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಂಡು ಹಿಡಿತ ಎದ್ದು ಕಾಣುವಷ್ಟು ಹೆಚ್ಚುತ್ತೆ. 15ಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಬಹುದು. 4ಎಲ್ (ನಾಲ್ಕೂ ಚಕ್ರಕ್ಕೆ ಎಳೆತ, ನಿಧಾನದ ಗೇರು) ಹಾಕಿ, ಕೆಳಗಿನ ಗೇರಿನಲ್ಲಿ ಒಂದೇ ಸಮ ಆಕ್ಸಿಲರೇಟರ್ ಕೊಟ್ಟು ಹತ್ತಿಸಿ. ಟಾರಿಗೆ ಬರುವ ಮುನ್ನ ಗಾಳಿ ತುಂಬಲೇಬೇಕು, ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಬಿಸಿಯಾಗಿ ಸಿಡಿಯಬಹುದು. ಅದಕ್ಕೇ ಕಂಪ್ರೆಸರ್. ಇಷ್ಟಾದರೂ ಬಗ್ಗದ ಏರಿಗೆ ಚೈನ್. ಟಾರು ಮುಟ್ಟುವ ಮೊದಲು ಬಿಚ್ಚಿ.

ಅಗಲ ಟೈರ್ ಹಾಕಿದರೆ ಹಿಡಿತ ಜಾಸ್ತಿ ಅಂತ ಅಂಗಡಿಯಲ್ಲಿ ಹೇಳ್ತಾರೆ. ಮರಳಿಗೆ ಸರಿ. ನಮ್ಮ ತೋಟದ ದಾರಿಗಳಲ್ಲಿ ಬಹಳ ಕಡೆ ಮೇಲೆ ನಾಲ್ಕು ಬೆರಳು ಜಾರು ಕೆಸರು, ಕೆಳಗೆ ಗಟ್ಟಿ ನೆಲ. ಕಿರಿದಾದ ಟೈರ್ ಕೆಸರನ್ನು ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತೆ, ಅಗಲದ್ದು ಮೇಲೇ ತೇಲುತ್ತೆ. ಹಳೇ ವಿಲ್ಲೀಸ್ ಜೀಪು 6.00-16 ಲಗ್ ಟೈರಿನಲ್ಲಿ (ದೊಡ್ಡ ಗುಬ್ಬಿ, ಸುಮಾರು ಆರು ಇಂಚು ಅಗಲ) ಅಂಥ ಏರು ಹತ್ತುತ್ತಿದ್ದುದರಲ್ಲಿ ಆ ಸಣ್ಣ ಅಗಲದ ಪಾಲು ದೊಡ್ಡದು. ಆದ್ದರಿಂದ ಕಂಪನಿಯ ಸೈಜೇ ಇರಲಿ, 18 ಇಂಚಿನ ರಿಮ್ ಆದರೆ 255/65. ವ್ಯಾಸ ದೊಡ್ಡದು ಮಾಡಿದರೆ ಚಕ್ರದ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುವುದರಿಂದ ಏರಿನಲ್ಲೇ ಎಳೆತ ಕಡಿಮೆಯಾಗುತ್ತೆ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತೆ. ಸಾಲದ್ದಕ್ಕೆ ಗಾಡಿಯ ಮಾರ್ಪಾಡಿಗೆ ನಿರ್ಬಂಧ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ವಿಮೆಯವರ ತಕರಾರು.

ತೋಟದಲ್ಲೇ ವಾಸ ಇದ್ದು ಸಂತೆಗೆ ಮಾತ್ರ ಹೋಗಿಬರುವವರು ಮಡ್ ಟೈರ್ ಹಾಕಿಸಲಿ, ಅವರಿಗೆ ಅದು ಸರಿಯಾದ ಆಯ್ಕೆ. ನಾಲ್ಕೂ ಒಂದೇ ಮಾದರಿ ಇರಬೇಕು. ಹಿಂದೆ ಮಡ್, ಮುಂದೆ ಸವೆದ ಎ.ಟಿ. ಅಂತ ಹಾಕಿ 4ಎಚ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಎಳೆತ, ಮಾಮೂಲಿ ವೇಗದ ಗೇರು) ಓಡಿಸಿದರೆ, ಎಂಜಿನ್ ಬಲವನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ವಿಪರೀತ ಒತ್ತಡ. 5,000 ಕಿ.ಮೀ. ಸುಮಾರಿಗೊಮ್ಮೆ ಮುಂದಿನ ಹಿಂದಿನ ಟೈರ್ ಅದಲು ಬದಲು ಮಾಡಿಸಿ, ಇಲ್ಲವಾದರೆ ಗುಬ್ಬಿಗಳು ಓರೆಯಾಗಿ ಸವೆದು ಸದ್ದು ತಡೆಯೋಕಾಗಲ್ಲ. ದುಡ್ಡಿನ ಅನುಕೂಲ ಇದ್ದರೆ ಇನ್ನೊಂದು ಸೆಟ್ ರಿಮ್ಮಿಗೆ ಮಡ್ ಟೈರ್ ಕೂರಿಸಿಟ್ಟು ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಹಾಕಿಕೊಳ್ಳಬಹುದು, ಆದರೆ ಆ ತಿಂಗಳುಗಳಲ್ಲಿ ಮಂಗಳೂರಿಗೆ ಬೇರೆ ಗಾಡಿ ನೋಡಿಕೊಳ್ಳಿ.

ಯಾವುದೇ ಟೈರ್ ಕೊಂಡರೂ ಸೈಡ್‌ವಾಲ್ ಓದಿ. DOT ಅಂತ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಿಕೆಯ ವಾರ, ವರ್ಷ: 1825 ಅಂದರೆ 2025ರ 18ನೇ ವಾರ. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರ ಹೇಳುವ ಅಂಕಿ) ಕಂಪನಿ ಟೈರಿಗಿಂತ ಕಡಿಮೆ ಇರಬಾರದು, 109 ಅಂದರೆ ಒಂದು ಟೈರಿಗೆ 1,030 ಕೆ.ಜಿ. ಪಕ್ಕದ ಅಕ್ಷರ ವೇಗದ ಮಿತಿ. ಮಡ್ ಟೈರಿನಲ್ಲಿ ಸಾಮಾನ್ಯವಾಗಿ ಕ್ಯೂ ಇರುತ್ತೆ, ಗಂಟೆಗೆ 160 ಕಿ.ಮೀ.

ಈಗಿನ ಟೈರಿನ ಸೈಡ್‌ವಾಲ್ ಮತ್ತು ಆ ಏರಿನ ಒಂದು ಫೋಟೋ ಹಾಕಿ. ನೀರು ದಾರಿ ಮೇಲೇ ಹರಿಯುತ್ತಿದ್ದರೆ ಒಂದು ಚರಂಡಿ ಕಡಿದು, ಎರಡು ಲೋಡು ಜಲ್ಲಿ ಹಾಕಿಸಿದರೂ ಆಗಬಹುದು.