ಕೆಡವಿದವರ ಹೆಸರು ಗೊತ್ತು, ಸೂರು ರಿಪೇರಿ ಮಾಡಿದವರದ್ದು?

ಓದುಗರ ಪತ್ರ: ಕಳೆದ ತಿಂಗಳ ರೋಮ್ ಲೇಖನ ಓದಿದೆ. ಕ್ರೈಸ್ತ ಧರ್ಮ ಹರಡಿದ್ದರಿಂದಲೇ ಆ ನಗರಗಳು ಹಾಳಾದವು. ದೇವಸ್ಥಾನ ಕೆಡವಿದರು, ಸ್ನಾನಗೃಹ ಮುಚ್ಚಿಸಿದರು. ಇದನ್ನು ನೇರವಾಗಿ ಬರೆಯಲು ನಿಮಗೇನು ಹಿಂಜರಿಕೆ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಸಂಪಾದಕರ ಉತ್ತರ:

ಹಿಂಜರಿಕೆ ಏನೂ ಇಲ್ಲ ಮೇಷ್ಟ್ರೇ. ಕೆಡವಿದ್ದು ನಿಜ. ಅಲೆಕ್ಸಾಂಡ್ರಿಯಾದ ಸೆರಾಪಿಸ್ ದೇವಸ್ಥಾನ 391ರ ಸುಮಾರಿಗೆ ನೆಲಸಮವಾಯಿತು. ಅಂಟಿಯೋಕ್ ನಗರದ ಲಿಬಾನಿಯಸ್ ಹಳೇ ದೇವರುಗಳನ್ನು ಬಿಡದ ವಿದ್ವಾಂಸ. ಆನೆಗಿಂತ ಜಾಸ್ತಿ ತಿನ್ನುವ ಈ ಕಪ್ಪು ಬಟ್ಟೆಯ ಸನ್ಯಾಸಿಗಳು ಕಲ್ಲು, ದೊಣ್ಣೆ ಹಿಡಿದು ಗುಡಿಗಳ ಮೇಲೆ ಬೀಳುತ್ತಿದ್ದಾರೆ ಎಂದು ಅವನು ಚಕ್ರವರ್ತಿ ಥಿಯೊಡೋಸಿಯಸ್‌ಗೆ ಗೋಳು ತೋಡಿಕೊಂಡಿದ್ದಾನೆ. ಅವನ ನೋವು ಸುಳ್ಳಲ್ಲ. ಆದರೆ ಅಷ್ಟಕ್ಕೇ ಪುಸ್ತಕ ಮುಚ್ಚಿಟ್ಟರೆ ಹೇಗೆ? ಪಾಠ ಮಾಡಿದವರು ನೀವು, ನಿಮಗೆ ನಾನು ಹೇಳಬೇಕಾ?

ರೋಮ್ ನಗರವನ್ನೇ ನೋಡಿ. 312ರಲ್ಲಿ ಕ್ರೈಸ್ತರ ಪರ ನಿಂತ ಚಕ್ರವರ್ತಿ ಕಾನ್‌ಸ್ಟಂಟೈನ್ ಗೆದ್ದು ಒಳಗೆ ಬಂದ. ನಡು ಊರಿನ ದೇವಸ್ಥಾನಗಳನ್ನು ಮುಟ್ಟಲಿಲ್ಲ. ಲ್ಯಾಟರನ್ ಚರ್ಚ್ ಎದ್ದದ್ದು ಊರಂಚಿನಲ್ಲಿ, ಸೋತ ಮ್ಯಾಕ್ಸೆಂಟಿಯಸ್‌ನ ಪರ ನಿಂತಿದ್ದ ಕುದುರೆ ದಳದ ಬ್ಯಾರಕ್ ಇದ್ದ ಜಾಗದಲ್ಲಿ. ಸೇಂಟ್ ಪೀಟರ್ ಚರ್ಚಂತೂ ಗೋಡೆಯಾಚೆಗಿನ ಸ್ಮಶಾನದ ಮೇಲೆ. ನಡು ಊರಿನ ಚೌಕವಾದ ಫೋರಂ ಪಕ್ಕದಲ್ಲಿ ಚರ್ಚ್ ಕಾಣಿಸಿಕೊಂಡಿದ್ದು ಇನ್ನೂರು ವರ್ಷ ಕಳೆದ ಮೇಲೆ, ಅದೂ ಹಳೇ ಸರ್ಕಾರಿ ಹಜಾರವೊಂದರಲ್ಲಿ. ಪ್ಯಾಂಥಿಯನ್ ಎಂಬ ದೊಡ್ಡ ದೇವಸ್ಥಾನ ಚರ್ಚ್ ಆದದ್ದು 609ರಲ್ಲಿ, ಚಕ್ರವರ್ತಿ ಫೋಕಾಸ್‌ನ ಒಪ್ಪಿಗೆ ಪಡೆದು. ಒಂದೇ ರಾತ್ರಿಯಲ್ಲಿ ನಡೆದ ಕತೆ ಇದಲ್ಲ, ಹತ್ತಾರು ತಲೆಮಾರುಗಳದ್ದು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಬದಲಾವಣೆ ಬೇರೆ. ರೋಮನ್ನರ ಹಳೇ ಕಾನೂನು ಊರೊಳಗೆ ಹೆಣ ಹೂಳಲು ಬಿಡುತ್ತಿರಲಿಲ್ಲ. ಸಮಾಧಿಗಳೆಲ್ಲ ಊರಾಚೆಯ ರಸ್ತೆ ಬದಿಯಲ್ಲಿ. ಕ್ರೈಸ್ತರು ತಮ್ಮ ಹುತಾತ್ಮರ ಸಮಾಧಿಯ ಹತ್ತಿರವೇ ಸೇರಿದರು, ಅಲ್ಲೇ ಚರ್ಚ್ ಕಟ್ಟಿದರು. ಹೋಗ್ತಾ ಹೋಗ್ತಾ ಮೂಳೆಗಳು ಊರೊಳಗೆ ಬಂದವು, ಗೋರಿಗಳೂ ಬಂದವು. ಸಾವಿರ ವರ್ಷ ಹೊರಗಿಟ್ಟಿದ್ದನ್ನು ಜನ ಪ್ರೀತಿಯಿಂದ ಒಳಗೆ ಕರೆದುಕೊಂಡರು.

ಇನ್ನು ಬಡವರು. ಹಳೇ ನಗರದ ಶ್ರೀಮಂತರು ಧಾರಾಳಿಗಳೇ. ಸ್ನಾನಗೃಹ ಕಟ್ಟಿಸುತ್ತಿದ್ದರು, ಆಟ ಏರ್ಪಡಿಸುತ್ತಿದ್ದರು, ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತಿದ್ದರು. ಆದರೆ ಕೊಟ್ಟದ್ದು ಊರಿನ ಪೌರರಿಗೆ. ರೋಮಿನಲ್ಲಿ ಪುಕ್ಕಟೆ ಧಾನ್ಯ ಬೇಕಾದರೆ ಪೌರನಾಗಿರಬೇಕಿತ್ತು, ಬಡವನಾಗಿದ್ದರೆ ಸಾಲದು. ಅದೇ ಊರಿನ ಬಿಷಪ್ ಕಾರ್ನೀಲಿಯಸ್, ತಮ್ಮ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಾಕುತ್ತಿದೆ ಎಂದು 251ರ ಸುಮಾರಿಗೆ ಕಾಗದ ಬರೆದ. ಆಗಿನ್ನೂ ಅವರ ಧರ್ಮಕ್ಕೆ ಕಾನೂನಿನ ರಕ್ಷಣೆಯೇ ಇರಲಿಲ್ಲ! 370ರ ಹೊತ್ತಿಗೆ ಬೆಸಿಲ್ ಎಂಬ ಬಿಷಪ್ ಈಗಿನ ಟರ್ಕಿಯ ಸಿಸೇರಿಯಾ ಊರಾಚೆ ಕುಷ್ಠರೋಗಿಗಳಿಗೆ, ದಾರಿಹೋಕರಿಗೆ, ಕಾಯಿಲೆಯವರಿಗೆ ಒಂದು ಕೇರಿಯನ್ನೇ ಕಟ್ಟಿಸಿದ, ವೈದ್ಯರನ್ನೂ ಇಟ್ಟ. ಹಳೇ ಧರ್ಮವನ್ನು ಮತ್ತೆ ತರಲು ಹೊರಟಿದ್ದ ಚಕ್ರವರ್ತಿ ಜೂಲಿಯನ್ ಕ್ರೈಸ್ತರನ್ನು ದ್ವೇಷಿಸುತ್ತಿದ್ದ. ಅವರು ತಮ್ಮವರ ಜೊತೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಾಚಿಕೆಗೇಡು ಎಂದು ತನ್ನ ಪುರೋಹಿತನಿಗೆ ಅವನೇ ಬರೆದ. ವಿರೋಧಿಯ ಬಾಯಿಂದ ಬಂದ ಮಾತಿದು, ಹಾಗಾಗಿ ನಾನು ಇದನ್ನು ನಂಬುತ್ತೇನೆ.

ಕಟ್ಟಡಗಳ ವಿಷಯಕ್ಕೆ ಬರೋಣ. ಸಿಸಿಲಿಯ ಸಿರಾಕ್ಯೂಸ್‌ನಲ್ಲಿ ಕ್ರಿಸ್ತಪೂರ್ವ 5ನೇ ಶತಮಾನದ ಅಥೀನಾ ದೇವಸ್ಥಾನವಿತ್ತು. 7ನೇ ಶತಮಾನದಲ್ಲಿ ಅದು ಚರ್ಚ್ ಆಯಿತು. ಹೊರಗಿನ ಕಂಬಗಳ ನಡುವೆ ಗೋಡೆ ತುಂಬಿದರು, ಗರ್ಭಗುಡಿಯ ಗೋಡೆಯಲ್ಲಿ ಸಾಲಾಗಿ ಕಮಾನು ಕೊರೆದರು. ಇವತ್ತಿಗೂ ಬೀದಿಯಲ್ಲಿ ನಿಂತು ನೋಡಿದರೆ ಆ ದಪ್ಪ ಕಂಬಗಳು ಗೋಡೆಯಿಂದ ಪಕ್ಕೆಲುಬಿನ ಹಾಗೆ ಉಬ್ಬಿಕೊಂಡಿವೆ. ಒಳಗೆ ಪೂಜೆ ನಡೆಯುತ್ತಿದೆ. ಟರ್ಕಿಯ ಅಫ್ರೋಡಿಸಿಯಸ್‌ನಲ್ಲಿ ಇನ್ನೂ ವಿಚಿತ್ರ. ದೇವಸ್ಥಾನದ ಎರಡು ತುದಿಯ ಕಂಬಗಳನ್ನು ಬಿಚ್ಚಿ ಉದ್ದದ ಸಾಲಿಗೆ ಸೇರಿಸಿದರು, ಒಳಗೋಡೆಯ ಕಲ್ಲು ತೆಗೆದು ಹೊರಗೋಡೆ ಕಟ್ಟಿದರು. ಚರ್ಚ್ ದೇವಸ್ಥಾನಕ್ಕಿಂತ ದೊಡ್ಡದಾಯಿತು! ಕೋಪದಲ್ಲಿ ಒಡೆಯುವವರು ಕಂಬಕ್ಕೆ ಇಷ್ಟು ಜೋಪಾನ ಮಾಡುತ್ತಾರಾ? ನಾನು ವರ್ಷಗಳಿಂದ ಇದೇ ಪುಟದಲ್ಲಿ ಹೇಳ್ತಾ ಬಂದಿದ್ದೇನೆ, ಜನ ಬಳಸುವ ಕಟ್ಟಡ ಉಳಿಯುತ್ತದೆ, ಯಾಕೆಂದರೆ ಮಳೆ ಸೋರಿದರೆ ಅವರಿಗೇ ತೊಂದರೆ.

ಸ್ನಾನಗೃಹದ ಮಾತು ಕೇಳಿದಿರಿ. ಪಾದ್ರಿಗಳು ಗೊಣಗಿದ್ದುಂಟು, ಆದರೆ ಜನ ಸ್ನಾನ ಬಿಡಲಿಲ್ಲ. ರೋಮಿನ ದೊಡ್ಡ ಸ್ನಾನಗೃಹಗಳಿಗೆ ನೀರು ಬರುವುದು ನಿಂತದ್ದು 537ರಲ್ಲಿ, ಗೋಥರೆಂಬ ಪಂಗಡದವರು ಮುತ್ತಿಗೆ ಹಾಕಿ ಊರಿಗೆ ನೀರು ತರುವ ಮೇಲ್ಗಾಲುವೆಗಳನ್ನು ಕಡಿದಾಗ. ಅದಕ್ಕೂ ಮುಂಚೆ, 439ರಲ್ಲಿ ವ್ಯಾಂಡಲರೆಂಬ ಇನ್ನೊಂದು ಪಂಗಡದವರು ಉತ್ತರ ಆಫ್ರಿಕಾದ ಕಾರ್ಥೇಜ್ ನಗರ ಹಿಡಿದಾಗ, ಆಫ್ರಿಕಾದಿಂದ ಬರುತ್ತಿದ್ದ ಧಾನ್ಯ ಕೈತಪ್ಪಿತ್ತು. ಅನ್ನವಿಲ್ಲ, ನೀರಿಲ್ಲ ಅಂದ ಮೇಲೆ ಊರಲ್ಲಿ ಯಾರಿರುತ್ತಾರೆ?

ನನ್ನ ಬೇಜಾರು ನಿಮ್ಮೊಬ್ಬರ ಮೇಲಲ್ಲ. ಈ ಕಚೇರಿಗೆ ಬರುವ ಇತಿಹಾಸದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಬ್ಬ ಅಪರಾಧಿಯನ್ನು ಹಿಡಿದುಕೊಡಿ ಅನ್ನುತ್ತವೆ. ಮೊಬೈಲಿನಲ್ಲಿ ಬರುವ ನಾಲ್ಕು ಸಾಲಿನ ಸಂದೇಶ ಮುನ್ನೂರು ವರ್ಷಗಳನ್ನು ನುಂಗಿಬಿಡುತ್ತದೆ. ಶಾಲೆಯಲ್ಲೂ ಅಷ್ಟೇ, ರಾಜನ ಹೆಸರು, ಯುದ್ಧದ ವರ್ಷ, ಮುಗೀತು. ನೀರು ಎಲ್ಲಿಂದ ಬರುತ್ತಿತ್ತು, ಸೂರು ಯಾರು ರಿಪೇರಿ ಮಾಡುತ್ತಿದ್ದರು, ಮಕ್ಕಳಿಗೆ ಯಾರೂ ಹೇಳುವುದಿಲ್ಲ. 458ರಲ್ಲಿ ಮಜೋರಿಯನ್ ಎಂಬ ಚಕ್ರವರ್ತಿ ಹೊರಡಿಸಿದ ಕಾನೂನನ್ನು ಎಷ್ಟು ಮಂದಿ ಕೇಳಿದ್ದಾರೆ? ರೋಮಿನ ಜನರೇ ಸ್ವಂತ ಮನೆ ಕಟ್ಟಲು ಹಳೇ ಸಾರ್ವಜನಿಕ ಕಟ್ಟಡಗಳ ಕಲ್ಲು ಕಿತ್ತೊಯ್ಯುತ್ತಿದ್ದರು, ಅಧಿಕಾರಿಗಳು ಒಪ್ಪಿಗೆ ಕೊಡುತ್ತಿದ್ದರು. ಹಾಗೆ ಒಪ್ಪಿದ ಅಧಿಕಾರಿಗೆ 50 ಪೌಂಡ್ ಚಿನ್ನದ ದಂಡ ಎಂದ ಅವನು. ಅವನೂ ಕ್ರೈಸ್ತನೇ, ಕಾಪಾಡಲು ಹೊರಟದ್ದು ದೇವಸ್ಥಾನಗಳನ್ನೂ ಸೇರಿಸಿ.

ನೀವು ಒಪ್ಪದಿದ್ದರೆ ಖಂಡಿತ ಬರೆಯಿರಿ. ಲಿಬಾನಿಯಸ್‌ನ ಪಕ್ಷ ಹಿಡಿದು ಬರೆದರೂ ಸರಿ, ಪೂರ್ತಿ ಪುಟ ಕೊಡುತ್ತೇನೆ. ಆದರೆ ಆ ಕಾಲುವೆ, ಆ ಧಾನ್ಯದ ಹಡಗು, ಈ ಕಾನೂನು, ಮೂರನ್ನೂ ಲೆಕ್ಕಕ್ಕೆ ತಗೊಂಡು ಬರೆಯಿರಿ.