ಓಡಿದರೆ ಮಂಡಿ ನೋಯುತ್ತದೆ, ಓಟವನ್ನೇ ಬಿಡಬೇಕೇ?

ನೀವು ಬರೆದಿರುವುದರ ಸಾರ ಇಷ್ಟು: ವಯಸ್ಸು 36, ದಿನವಿಡೀ ಕುಳಿತು ಮಾಡುವ ಕೆಲಸ, ಓಡಲು ಶುರುಮಾಡಿ ಮೂರು ತಿಂಗಳು. ಈಗ ಎಡ ಮಂಡಿಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ಇನ್ನೂ ಜಾಸ್ತಿ. ಹತ್ತು ವಾರಗಳಲ್ಲಿ 10 ಕಿ.ಮೀ. ಓಟವೊಂದಿದೆ, ಹೆಸರು ಕೊಟ್ಟಾಗಿದೆ. ಮನೆಯವರು ಮಂಡಿ ಸವೆದುಹೋಗುತ್ತದೆ, ಬಿಟ್ಟುಬಿಡು ಎನ್ನುತ್ತಿದ್ದಾರೆ. ಬಿಡಬೇಕೇ?

ಬಿಡಬೇಡಿ. ಆದರೆ ಈಗ ಓಡುತ್ತಿರುವ ರೀತಿಯಲ್ಲೇ ಮುಂದುವರಿಯಲೂ ಬೇಡಿ. ನಾನು ವೈದ್ಯನಲ್ಲ. ಮೈಸೂರಿನಲ್ಲಿ ಹಲವು ವರ್ಷಗಳಿಂದ ಓಡುತ್ತಿರುವವನು, ನಿಮ್ಮದೇ ನೋವನ್ನು ಅನುಭವಿಸಿ ಅದರಿಂದ ಹೊರಬಂದವನು. ಆ ದಿನಗಳಲ್ಲಿ ಯಾರಾದರೂ ನನಗೆ ಹೇಳಿದ್ದರೆ ಚೆನ್ನಾಗಿತ್ತು ಎನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಈ ನೋವು ಮೊದಲು ಕಾಣಿಸಿಕೊಂಡದ್ದು ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆ. ಅರ್ಧ ಮ್ಯಾರಥಾನ್‌ಗೆ ತಯಾರಿ ನಡೆಸುತ್ತಿದ್ದೆ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ವಾರಕ್ಕೆ 15 ಕಿ.ಮೀ. ಓಡುತ್ತಿದ್ದವನು ಕೆಲವೇ ವಾರಗಳಲ್ಲಿ ಅದನ್ನು ಎರಡು ಪಟ್ಟಿಗೂ ಮೀರಿ ಏರಿಸಿದ್ದೆ. ಅದು ಸಾಲದೆಂದು ಭಾನುವಾರ ಬೆಳಿಗ್ಗೆ ಸಾವಿರ ಮೆಟ್ಟಿಲು ಹತ್ತಿ ಇಳಿಯುವುದು ಬೇರೆ. ಅಂದು ಹತ್ತುವಾಗ ಏನೂ ಆಗಲಿಲ್ಲ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಿದ್ದ ಹೆಂಗಸರನ್ನು ದಾಟಿಕೊಂಡು ಬಿರುಸಾಗಿಯೇ ಹೋದೆ. ಇಳಿಯುವಾಗ, ದೊಡ್ಡ ನಂದಿಯಿಂದ ಸ್ವಲ್ಪ ಕೆಳಗೆ, ಬಲ ಮಂಡಿಚಿಪ್ಪಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಯಿತು. ಮೆಟ್ಟಿಲಿಂದ ಮೆಟ್ಟಿಲಿಗೆ ಆ ಒತ್ತು ಹೆಚ್ಚಿತು. ಕೊನೆಯ ನೂರು ಮೆಟ್ಟಿಲುಗಳನ್ನು ಚಿಕ್ಕ ಮಕ್ಕಳಂತೆ ಒಂದೊಂದರ ಮೇಲೂ ಎರಡು ಪಾದ ಇಟ್ಟು ಇಳಿದೆ. ಮರುದಿನ ನೆಲದ ಮೇಲೆ ಊಟಕ್ಕೆ ಕುಳಿತವನಿಗೆ ಕೈಯೂರದೆ ಏಳಲು ಆಗಲಿಲ್ಲ.

ಒಬ್ಬ ಮೂಳೆ ವೈದ್ಯರು ಎಕ್ಸ್‌ರೇ ನೋಡಿ, ಸವೆತ ಶುರುವಾಗಿದೆ, ಇನ್ನು ಓಟ ಬೇಡ ಎಂದರು. ನೋವಿಗಿಂತ ಆ ಮಾತೇ ನನ್ನನ್ನು ಹೆಚ್ಚು ಕುಗ್ಗಿಸಿತು. ಎರಡು ತಿಂಗಳು ಓಡಲಿಲ್ಲ, ನೋವು ಹೋಯಿತು. ಮತ್ತೆ ಓಡಿದೆ, ಮೂರನೇ ದಿನಕ್ಕೆ ಅದೇ ಜಾಗದಲ್ಲಿ ಅದೇ ಹೆಬ್ಬೆರಳು. ಆಗ ಒಬ್ಬ ಫಿಸಿಯೋಥೆರಪಿಸ್ಟ್ ಬಳಿ ಹೋದೆ. ಅವರು ಮಂಡಿಯನ್ನು ಮುಟ್ಟುವ ಮೊದಲೇ ಕೈಗೆ ಒಂದು ಹಾಳೆ ಕೊಟ್ಟು, ನೋವು ಬರುವ ಮುಂಚಿನ ವಾರಗಳಲ್ಲಿ ಎಷ್ಟೆಷ್ಟು ಓಡಿದಿರಿ, ಬರೆಯಿರಿ ಎಂದರು. 15, 19, 24, 30, 34 ಎಂದು ಒಂದರ ಕೆಳಗೊಂದು ಬರೆಯುವಷ್ಟರಲ್ಲಿ ಕಾರಣ ನನ್ನ ಕಣ್ಣಿಗೇ ಬಿತ್ತು. ನೀವೂ ಇವತ್ತೇ ಆ ಹಾಳೆ ಬರೆಯಿರಿ.

ಒಳಗೆ ಆಗುತ್ತಿರುವುದನ್ನು ಅರ್ಥ ಮಾಡಿಕೊಂಡರೆ ಅರ್ಧ ಭಯ ಕಡಿಮೆಯಾಗುತ್ತದೆ. ಮಂಡಿಚಿಪ್ಪು ಮಾಡುವುದು ಬಾವಿಯ ರಾಟೆಯ ಕೆಲಸ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಹಗ್ಗವಿದ್ದಂತೆ, ಅದು ಚಿಪ್ಪಿನ ಮೇಲಿಂದ ಹಾದು ಕೆಳಗಾಲಿನ ಮೂಳೆಯನ್ನು ಎಳೆಯುತ್ತದೆ. ಮಂಡಿ ಮಡಿಸಿದಷ್ಟೂ, ಹಗ್ಗ ಬಿಗಿದಷ್ಟೂ, ಚಿಪ್ಪು ತೊಡೆಮೂಳೆಯ ತೋಡಿಗೆ ಒತ್ತಿಕೊಳ್ಳುತ್ತದೆ. ಸಮತಟ್ಟಾದ ಕಡೆ ನಡೆಯುವಾಗ ಆ ಒತ್ತಡ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟು. ಮೆಟ್ಟಿಲುಗಳಲ್ಲಿ ಅದರ ಮೂರು ಪಟ್ಟಿನ ಆಸುಪಾಸು, ಓಡುವಾಗ ಸುಮಾರು ಐದು ಪಟ್ಟು. ಇದನ್ನು ತಡೆಯಲೆಂದೇ ಚಿಪ್ಪಿನ ಹಿಂಬದಿಯಲ್ಲಿ ಇಡೀ ದೇಹದಲ್ಲೇ ಅತಿ ದಪ್ಪನೆಯ ಕಾರ್ಟಿಲೇಜ್, ಅಂದರೆ ಮೂಳೆಯ ಮೇಲಿನ ನುಣುಪಾದ ಮೃದ್ವಸ್ಥಿಯ ಪದರವಿದೆ. ಆ ಪದರದಲ್ಲಿ ನೋವಿನ ನರಗಳಿಲ್ಲ. ನೋಯುವುದು ಅದರ ಅಡಿಯ ಮೂಳೆ, ಸುತ್ತಲಿನ ಪೊರೆ ಮತ್ತು ಕೊಬ್ಬಿನ ಮೆತ್ತೆ. ತಡೆದುಕೊಳ್ಳುವ ಶಕ್ತಿಗಿಂತ ಹೊರೆ ಬೇಗ ಏರಿದಾಗ ಇವು ಕೆರಳುತ್ತವೆ. ಕೆರಳಿದ್ದು ಶಾಂತವಾಗುತ್ತದೆ. ಸವೆತ ಬೇರೆಯೇ ವಿಷಯ.

ಸವೆತದ ಬಗ್ಗೆ ನಿಮ್ಮ ಮನೆಯವರಿಗೆ ಹೇಳಲು ಒಂದು ಅಂಕಿಅಂಶ ಇದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲಿನ ಸವೆತ ಕಂಡುಬಂದದ್ದು ಶೇ 3.5ರಷ್ಟು ಜನರಲ್ಲಿ. ಓಡದೆ ಕುಳಿತೇ ಇರುವವರಲ್ಲಿ ಅದು ಶೇ 10.2. ಸ್ಪರ್ಧೆಗಳಿಗಾಗಿಯೇ ಓಡುವ ವೃತ್ತಿಪರ ಮಟ್ಟದವರಲ್ಲಿ ಮಾತ್ರ ಶೇ 13.3. ಓಡುವವರು ಸಾಮಾನ್ಯವಾಗಿ ತೆಳ್ಳಗಿರುತ್ತಾರೆ ಎಂಬುದೂ ಇಲ್ಲಿ ಸೇರಿರಬಹುದು, ಹಾಗಾಗಿ ಓಟವೇ ಮಂಡಿಯನ್ನು ಕಾಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ವಾರಕ್ಕೆ ಮೂರು ನಾಲ್ಕು ದಿನ ಓಡುವ ನಿಮ್ಮಂಥವರ ಮಂಡಿ ಓಟದಿಂದಲೇ ಸವೆದುಹೋಗುತ್ತದೆ ಎನ್ನಲು ಆಧಾರವಿಲ್ಲ. ಮಂಡಿ ಮಡಿಸಿದಾಗ ಬರುವ ಲಟಲಟ ಶಬ್ದಕ್ಕೂ, ಅದರ ಜೊತೆ ನೋವು ಅಥವಾ ಊತ ಇಲ್ಲದಿದ್ದರೆ, ಹೆದರಬೇಕಿಲ್ಲ.

ಈಗ ನೋವಿನ ಜಾಗ. ಬೆರಳಿಟ್ಟು ತೋರಿಸಿ ಎಂದರೆ ನೀವು ಇಡೀ ಅಂಗೈಯನ್ನು ಚಿಪ್ಪಿನ ಮೇಲೆ ಇಡುತ್ತೀರಾದರೆ, ಕುಕ್ಕರಗಾಲಿನಲ್ಲಿ ಕುಳಿತಾಗ, ಸಿನಿಮಾ ಮಂದಿರದಲ್ಲಿ ಅಥವಾ ಬಸ್ಸಿನಲ್ಲಿ ಹೊತ್ತುಗಟ್ಟಲೆ ಕಾಲು ಮಡಿಸಿಕೊಂಡಿದ್ದಾಗ ನೋವು ಬರುತ್ತದಾದರೆ, ಅದು ನಾನು ಮೇಲೆ ಹೇಳಿದ ಚಿಪ್ಪಿನ ನೋವೇ. ನೀವು ಬರೆದ ಲಕ್ಷಣಗಳೂ ಅದನ್ನೇ ಸೂಚಿಸುತ್ತವೆ. ಮಂಡಿಯ ಹೊರಮಗ್ಗುಲಲ್ಲಿ, ಓಟ ಶುರುವಾದ ಮೇಲೆ ಹೆಚ್ಚುಕಡಿಮೆ ಅದೇ ದೂರದಲ್ಲಿ ಚುಚ್ಚಿದಂತೆ ಶುರುವಾಗಿ, ಇಳಿಜಾರಿನಲ್ಲಿ ಹೆಚ್ಚಾದರೆ ಅದು ಸೊಂಟದಿಂದ ಮಂಡಿಯ ಹೊರಭಾಗಕ್ಕೆ ಇಳಿಯುವ ಐಟಿ ಬ್ಯಾಂಡ್ ಎಂಬ ಪಟ್ಟಿಯ ತೊಂದರೆ. ಚಿಪ್ಪಿನ ಕೆಳತುದಿಯಲ್ಲಿ ಒಂದೇ ಬೆರಳಿನಷ್ಟು ಜಾಗ ನೋಯುತ್ತಿದ್ದರೆ ಅದು ಚಿಪ್ಪನ್ನು ಕೆಳಗಾಲಿನ ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನ ತೊಂದರೆ. ಇವೆಲ್ಲದಕ್ಕೂ ಹೊರೆ ಇಳಿಸಿ, ಬಲ ಬೆಳೆಸುವುದೇ ದಾರಿ.

ಕೆಲವು ಲಕ್ಷಣಗಳಿದ್ದರೆ ಮಾತ್ರ ಈ ಬರಹವನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಿ: ಮಂಡಿ ತಿರುಚಿ ಟಕ್ ಎಂದ ಮೇಲೆ ಕೆಲವೇ ಗಂಟೆಗಳಲ್ಲಿ ಊದಿಕೊಳ್ಳುವುದು, ಮಡಿಸಿದ ಕಾಲು ಅಲ್ಲೇ ಸಿಕ್ಕಿಹಾಕಿಕೊಳ್ಳುವುದು, ನಡೆಯುವಾಗ ಮಂಡಿ ಏಕಾಏಕಿ ಕೈಕೊಡುವುದು, ಮಂಡಿ ಬಿಸಿಯಾಗಿ ಕೆಂಪಾಗಿ ಜ್ವರ ಬರುವುದು, ರಾತ್ರಿ ಮಲಗಿದ್ದಾಗಲೂ ನೋಯುವುದು, ಕಾಲೂರಲಾಗದಿರುವುದು, ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ಒತ್ತಿದರೆ ಜೀವ ಹೋದಂತಾಗುವುದು.

ಇವು ಯಾವುವೂ ಇಲ್ಲವೆಂದುಕೊಂಡು ಮುಂದಿನದನ್ನು ಬರೆಯುತ್ತೇನೆ. ಕೆನಡಾದ ಕ್ವಿಬೆಕ್‌ನಲ್ಲಿ ಇದೇ ನೋವಿದ್ದ 69 ಓಟಗಾರರ ಮೇಲೆ ನಡೆದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಹೊರೆಯನ್ನು ಹೇಗೆ ನಿಭಾಯಿಸಬೇಕೆಂಬ ತಿಳಿವಳಿಕೆ ಮಾತ್ರ ಕೊಟ್ಟರು. ಇನ್ನೊಂದಕ್ಕೆ ಅದರ ಜೊತೆ ವ್ಯಾಯಾಮ, ಮತ್ತೊಂದಕ್ಕೆ ಅದರ ಜೊತೆ ಓಟದ ಶೈಲಿಯ ತಿದ್ದುಪಡಿ. ಎಂಟು ವಾರಗಳ ಬಳಿಕ ಮೂರು ಗುಂಪುಗಳೂ ಹೆಚ್ಚುಕಡಿಮೆ ಒಂದೇ ಸಮನಾಗಿ ಸುಧಾರಿಸಿದ್ದವು. ಎಷ್ಟು ಓಡಬೇಕೆಂದು ತಿಳಿದದ್ದೇ ಬಹುಪಾಲು ಕೆಲಸ ಮಾಡಿತ್ತು! ಅವರಿಗೆ ಕಲಿಸಿದ ಅಳತೆಗೋಲು ಸರಳವಾದದ್ದು, ನಾನು ಇಂದಿಗೂ ಬಳಸುವುದು ಅದನ್ನೇ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಓಡುವಾಗ ಅದು 2 ದಾಟಬಾರದು, ಓಟ ಮುಗಿಸಿದ ಒಂದು ಗಂಟೆಯೊಳಗೆ ಮೊದಲಿದ್ದ ಮಟ್ಟಕ್ಕೆ ಇಳಿದಿರಬೇಕು. ಇದಕ್ಕೆ ನನ್ನದೊಂದು ಸೇರ್ಪಡೆ: ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯುವಾಗ ಹೆಚ್ಚು ನೋಯಬಾರದು. ಈ ಮೂರೂ ಸರಿಯಿದ್ದರೆ ನಿನ್ನೆಯ ಓಟ ನಿಮ್ಮ ಮಂಡಿಗೆ ಒಗ್ಗಿತು. ಒಂದು ತಪ್ಪಿದರೂ ಮುಂದಿನ ಓಟದ ದೂರವನ್ನು ಮೂರನೇ ಒಂದು ಭಾಗ ಇಳಿಸಿ.

ಪೂರ್ತಿ ನಿಲ್ಲಿಸುವುದು ಏಕೆ ಬೇಡವೆಂದರೆ, ವಿಶ್ರಾಂತಿಯಲ್ಲಿ ನೋವು ಇಳಿಯುವಂತೆ ತಡೆದುಕೊಳ್ಳುವ ಶಕ್ತಿಯೂ ಇಳಿಯುತ್ತದೆ. ನನ್ನ ಎರಡು ತಿಂಗಳು ಹಾಗೆಯೇ ಹೋದದ್ದು.

ವ್ಯಾಯಾಮವನ್ನು ಮಾತ್ರ ಆ ಪ್ರಯೋಗದ ನೆಪದಲ್ಲಿ ಬಿಡಬೇಡಿ. ತೊಡೆ ಮತ್ತು ಸೊಂಟದ ಬಲ ಹೆಚ್ಚಿಸುವುದರಿಂದ ಚಿಪ್ಪಿನ ನೋವು ತಗ್ಗುತ್ತದೆ ಎಂಬುದು ಬೇರೆ ಅನೇಕ ಅಧ್ಯಯನಗಳಲ್ಲಿ ಕಂಡಿದೆ, ನಿಮ್ಮಂತೆ ದಿನವಿಡೀ ಕುಳಿತಿರುವವರಿಗೆ ಅದು ಇನ್ನೂ ಅಗತ್ಯ. ಇಂದು ಸಂಜೆ ಬೀರುವಿನ ಕನ್ನಡಿಯ ಮುಂದೆ ಚಡ್ಡಿ ತೊಟ್ಟು ನಿಂತು, ಎಡಗಾಲೊಂದರ ಮೇಲೆ ನಿಧಾನವಾಗಿ ಅರ್ಧ ಬಸ್ಕಿ ಹೊಡೆದು ನೋಡಿ. ನಾನು ನೋಡಿದಾಗ ಮಂಡಿ ನೇರವಾಗಿ ಕಾಲ್ಬೆರಳುಗಳ ಕಡೆಗೆ ಬಗ್ಗದೆ, ಇನ್ನೊಂದು ಕಾಲಿನ ಕಡೆಗೆ ವಾಲುತ್ತಿತ್ತು. ಸೊಂಟದ ಒಂದು ಮಗ್ಗುಲು ಕುಸಿಯುತ್ತಿತ್ತು. ತೊಡೆ ನಡುಗುತ್ತಿತ್ತು. ಬಲಗಾಲಿಗೂ ಎಡಗಾಲಿಗೂ ಇದ್ದ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು.

ಅಲ್ಲಿಂದ ನಾನು ವಾರಕ್ಕೆ ಮೂರು ದಿನ ಮಾಡಿದ್ದು ಇಷ್ಟು. ಗೋಡೆಗೆ ಬೆನ್ನು ಕೊಟ್ಟು, ಕಾಣದ ಕುರ್ಚಿಯ ಮೇಲೆ ಕುಳಿತಂತೆ 30ರಿಂದ 45 ಸೆಕೆಂಡ್, ಐದು ಸಲ. ನೋವಿದ್ದರೆ ಅಷ್ಟು ಕೆಳಗೆ ಇಳಿಯದೆ, ಸ್ವಲ್ಪ ಮೇಲೆಯೇ ನಿಲ್ಲಿ. ಆಮೇಲೆ ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು, ಹಿಮ್ಮಡಿ ಸ್ವಲ್ಪ ಹಿಂದಕ್ಕಿರಲಿ, ಪೃಷ್ಠದ ಮೇಲ್ಭಾಗ ಉರಿಯಬೇಕು. ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧಾಸನ, ಮೊದಲು ಎರಡು ಕಾಲಿನಲ್ಲಿ, ಮೂರನೇ ವಾರದಿಂದ ಒಂದೇ ಕಾಲಿನಲ್ಲಿ. ಕೊನೆಯದು ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಗೇಣುದ್ದಕ್ಕಿಂತ ಕಡಿಮೆ ಎತ್ತರದ ಮೆಟ್ಟಿಲ ಮೇಲೆ ನೋವಿರುವ ಕಾಲಲ್ಲಿ ನಿಂತು, ಮೂರು ಎಣಿಸುವಷ್ಟು ನಿಧಾನವಾಗಿ ಮಂಡಿ ಬಗ್ಗಿಸಿ ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ ಮತ್ತೆ ಮೇಲೇಳುವುದು. ಎಂಟರಿಂದ ಹನ್ನೆರಡು ಸಲ, ಮೂರು ಸರದಿ. ಅದು ಸುಲಭವಾದ ದಿನ ಬೆನ್ನಚೀಲದಲ್ಲಿ ಎರಡು ಕಿಲೋ ಅಕ್ಕಿ ಹಾಕಿಕೊಂಡೆ, ಆಮೇಲೆ ಐದು ಕಿಲೋ. ಚೀಲದ ತೂಕ ಹೆಚ್ಚಿಸುತ್ತಾ ಹೋಗುವುದರಲ್ಲೇ ಗುಟ್ಟು ಇದೆ. ತಿಂಗಳುಗಟ್ಟಲೆ ಅದೇ ಹತ್ತು ಸಲ ಕಾಲೆತ್ತುವುದರಿಂದ ಬಲ ಬೆಳೆಯುವುದಿಲ್ಲ. ಆರರಿಂದ ಎಂಟು ವಾರ ಬೇಕು, ಎರಡನೇ ವಾರಕ್ಕೆ ಬೇಸರವಾಗುತ್ತದೆ, ದಯವಿಟ್ಟು ಅಲ್ಲಿ ಬಿಡಬೇಡಿ.

ಹೆಜ್ಜೆಯ ಲೆಕ್ಕವನ್ನೂ ನೋಡಿಕೊಳ್ಳಿ. ಹೊಸದಾಗಿ ಓಡುವವರು ಪಾದವನ್ನು ಮೈಯಿಂದ ತುಂಬ ಮುಂದೆ ಚಾಚಿ ಊರುತ್ತಾರೆ. ಅರ್ಧ ನಿಮಿಷದಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟುತ್ತದೆಂದು ಎಣಿಸಿ ನಾಲ್ಕರಿಂದ ಗುಣಿಸಿ, ಅದು ಎರಡೂ ಕಾಲು ಸೇರಿ ನಿಮಿಷಕ್ಕೆ ಹಾಕುವ ಹೆಜ್ಜೆಗಳ ಲೆಕ್ಕ. ನನಗೆ ಬಂದದ್ದು 156. ಅದೇ ವೇಗದಲ್ಲಿ ಹೆಜ್ಜೆಗಳನ್ನು ಶೇ 5ರಿಂದ 10ರಷ್ಟು ಹೆಚ್ಚಿಸಿ ಚಿಕ್ಕದಾಗಿಸಿದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ಮೊಬೈಲಿನಲ್ಲಿ ತಾಳ ಹಾಕುವ ಆ್ಯಪ್ ಒಂದನ್ನು 164ಕ್ಕೆ ಇಟ್ಟುಕೊಂಡು ಒಂದೆರಡು ನಿಮಿಷ ಓಡುವುದು, ಬಿಡುವುದು, ಮತ್ತೆ ಓಡುವುದು, ಹೀಗೆ ರೂಢಿಸಿಕೊಂಡೆ. ಎಲ್ಲರೂ 180 ಹೆಜ್ಜೆ ಹಾಕಲೇಬೇಕು ಎಂದು ನಿಮಗೆ ಯಾರಾದರೂ ಹೇಳಬಹುದು. ಆ ಸಂಖ್ಯೆ ಬಂದದ್ದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ತರಬೇತುದಾರ ಜ್ಯಾಕ್ ಡೇನಿಯಲ್ಸ್ ವಿಶ್ವಮಟ್ಟದ ಓಟಗಾರರ ಹೆಜ್ಜೆ ಎಣಿಸಿದ್ದರಿಂದ. ನಮ್ಮ ನಿಧಾನದ ಓಟಕ್ಕೆ ಅದನ್ನು ಹೇರಿಕೊಳ್ಳಬೇಕಿಲ್ಲ.

ಉಳಿದವು ಚಿಕ್ಕ ಮಾತುಗಳು. ಬೂಟು ಕಾಲಿಗೆ ಹಿತವಾಗಿದ್ದು, ಅಡಿ ಸವೆದು ಒಂದು ಕಡೆಗೆ ವಾಲದಿದ್ದರೆ ಸಾಕು, ದುಬಾರಿ ಬೂಟು ನೋವನ್ನು ಗುಣಪಡಿಸುವುದಿಲ್ಲ. ಮಂಡಿಗೆ ಹಾಕುವ ಬಿಗಿಪಟ್ಟಿ ಧೈರ್ಯ ಕೊಡುತ್ತದೆಂದರೆ ಕೆಲವು ವಾರ ಹಾಕಿಕೊಳ್ಳಿ. ನೋವಿನ ಮಾತ್ರೆ ನುಂಗಿ ಓಡುವುದನ್ನು ಮಾತ್ರ ಖಂಡಿತ ಮಾಡಬೇಡಿ. ನೋವೇ ತಿಳಿಯದಿದ್ದರೆ ಮೇಲೆ ಹೇಳಿದ ಅಳತೆಗೋಲು ಕೈಯಲ್ಲಿ ಇಲ್ಲದಂತೆ. ಜೊತೆಗೆ ಬೆವರು ಸುರಿಸುವ ದೀರ್ಘ ಓಟದಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೂ ಒಳ್ಳೆಯದಲ್ಲ.

ನಿಮ್ಮ ಹತ್ತು ವಾರಗಳ ಮಾತಿಗೆ ಬರುತ್ತೇನೆ. ಮೊದಲ ಎರಡು ವಾರ ದಿನ ಬಿಟ್ಟು ದಿನ, ಸಮತಟ್ಟಾದ ಹಾದಿಯಲ್ಲಿ, ಎರಡು ನಿಮಿಷ ಓಟ ಒಂದು ನಿಮಿಷ ನಡಿಗೆ, ಒಟ್ಟು 20ರಿಂದ 25 ನಿಮಿಷ. ಇಳಿಜಾರು, ಮೆಟ್ಟಿಲು, ವೇಗದ ಓಟ ಸದ್ಯಕ್ಕೆ ಬೇಡ, ಕಚೇರಿಯಲ್ಲೂ ಇಳಿಯುವಾಗ ಲಿಫ್ಟ್ ಬಳಸಿ. ಮೂರನೇ ವಾರದಿಂದ ಓಟದ ತುಣುಕನ್ನು ಉದ್ದ ಮಾಡುತ್ತಾ ಬನ್ನಿ. ಮೊದಲು ದೂರ ಹೆಚ್ಚಲಿ, ವೇಗ ಆಮೇಲೆ, ಎರಡನ್ನೂ ಒಂದೇ ವಾರ ಏರಿಸಬೇಡಿ. ಒಂದು ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆದಿಡಿ: ದೂರ, ಓಡುವಾಗಿನ ಅಂಕ, ಮರುಬೆಳಗಿನ ಮೆಟ್ಟಿಲಿನ ಅಂಕ. ಏಳನೇ ವಾರದ ಕೊನೆಗೆ 6 ಕಿ.ಮೀ. ಓಟ 2ರ ಒಳಗೇ ಮುಗಿದರೆ ಧೈರ್ಯವಾಗಿ ಆ ಓಟಕ್ಕೆ ಹೋಗಿ, ಮೊದಲ ಅರ್ಧವನ್ನು ನಿಧಾನವಾಗಿ ಓಡಿ. ಅಂಕ 3 ಅಥವಾ 4 ಇದ್ದರೆ ಓಟ ನಡಿಗೆ ಬೆರೆಸಿ ಮುಗಿಸಿ. ಅದಕ್ಕೂ ಮೇಲಿದ್ದರೆ ಈ ಸಲ ಬಿಟ್ಟು, ಆ ಪುಸ್ತಕವನ್ನು ಹಿಡಿದುಕೊಂಡು ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಆ ಏಳು ವಾರಗಳ ಸಾಲುಗಳು ಅವರಿಗೆ ಎಕ್ಸ್‌ರೇಗಿಂತ ಹೆಚ್ಚು ಹೇಳುತ್ತವೆ.