ಮೂವತ್ತು ದಿನಗಳ ಎಣಿಕೆ

ಓದುಗರ ಪತ್ರ: ಹನ್ನೊಂದು ವರ್ಷಗಳಿಂದ ಕುಡಿಯುತ್ತಿದ್ದೇನೆ. ಎರಡು ಸಲ ಬಿಟ್ಟು ಮತ್ತೆ ಹಿಡಿದೆ. ಕುಡಿತ ಬಿಡಲು ಹೊರಟವರ ಸಭೆಗೆ ಹೋದರೆ ನಮಗಿಂತ ದೊಡ್ಡ ಶಕ್ತಿಯೊಂದಕ್ಕೆ ಶರಣಾಗಬೇಕು ಎನ್ನುತ್ತಾರೆ. ನನಗೆ ದೇವರಲ್ಲಿ ನಂಬಿಕೆಯಿಲ್ಲ, ಇದೆಯೆಂದು ನಟಿಸಲಾರೆ. ನಿಮ್ಮ ಪತ್ರಿಕೆಯಲ್ಲಿ ಪ್ರಾಚೀನ ಗ್ರೀಸ್, ರೋಮ್‌ಗಳ ಸ್ಟೋಯಿಕ್ ತತ್ವಜ್ಞಾನಿಗಳ ಬಗ್ಗೆ ಓದಿದೆ. ಅದರಿಂದ ನನ್ನಂಥವನಿಗೆ ಪ್ರಯೋಜನವಿದೆಯೇ, ಅಥವಾ ಅದೂ ಬರಿಯ ಮಾತೇ?
– ಹೆಸರು ಬೇಡವೆಂದಿರುವ ಓದುಗರು, ಹಾವೇರಿ

ಸಂಪಾದಕರ ಉತ್ತರ:

ಮಾನ್ಯರೇ,

ತತ್ವಕ್ಕಿಂತ ಮೊದಲು ದೇಹದ ಮಾತು. ನೀವು ದಿನವೂ ಕುಡಿಯುವವರಾದರೆ ನನ್ನ ಈ ಉತ್ತರವನ್ನು ನೆಚ್ಚಿಕೊಂಡು ನಾಳೆಯೇ ಏಕಾಏಕಿ ನಿಲ್ಲಿಸಬೇಡಿ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಮದ್ಯ ಹಠಾತ್ತನೆ ತಪ್ಪಿದರೆ ಬರೀ ಕೈ ನಡುಕಕ್ಕೆ ಮುಗಿಯುವುದಿಲ್ಲ. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಪ್ರಾಣಕ್ಕೇ ಸಂಚಕಾರ ಬರಬಹುದು. ಅದನ್ನು ನೋಡಿಕೊಳ್ಳಬೇಕಾದವರು ವೈದ್ಯರು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತನಾಡಬಹುದು.

ಇನ್ನು ನಿಮ್ಮ ಪ್ರಶ್ನೆ. ಬರಿಯ ಮಾತಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆ ಸ್ಟೋಯಿಕರಲ್ಲಿ ಒಬ್ಬನಾದ ಎಪಿಕ್ಟೆಟಸ್ ರೋಮ್‌ನಲ್ಲಿ ಗುಲಾಮನಾಗಿದ್ದವನು, ಕಾಲು ಕುಂಟು. ಬಿಡುಗಡೆಯಾದ ಮೇಲೆ ಗ್ರೀಸಿನ ನಿಕೊಪೊಲಿಸ್‌ನಲ್ಲಿ ಶಾಲೆ ನಡೆಸಿದ. ಅವನ ಪಾಠಗಳನ್ನು ಶಿಷ್ಯ ಆರಿಯನ್ ಬರೆದಿಟ್ಟ. ಅವುಗಳಲ್ಲಿ ಅಭ್ಯಾಸಬಲವನ್ನು ಕುರಿತ ಪಾಠವೊಂದಿದೆ. ಅಲ್ಲಿ ಹೇಳಿರುವುದು ಸಿಟ್ಟಿನ ವಿಷಯ, ಆದರೂ ಕುಡಿತ ಬಿಡಲು ಹೊರಟವನಿಗೆ ಅದು ತನಗೇ ಬರೆದಂತೆ ಕಾಣುತ್ತದೆ. ಸಿಟ್ಟಿಗೆ ಮೇವು ಹಾಕಬೇಡ, ಸಿಟ್ಟಾಗದ ದಿನಗಳನ್ನು ಎಣಿಸು ಎನ್ನುತ್ತಾನೆ. ಮೊದಲು ದಿನವೂ ಸಿಟ್ಟಾಗುತ್ತಿದ್ದವನು ದಿನ ಬಿಟ್ಟು ದಿನಕ್ಕೆ ಬರುತ್ತಾನೆ, ಆಮೇಲೆ ಮೂರು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ. ಮೂವತ್ತು ದಿನ ದಾಟಿದರೆ ದೇವರಿಗೆ ಬಲಿ ಅರ್ಪಿಸು ಎನ್ನುತ್ತಾನೆ. ಒಮ್ಮೆ ಚಾಟಿ ಬಿದ್ದು ಎದ್ದ ಬಾಸುಂಡೆ ಪೂರ್ತಿ ಮಾಯದೆ, ಅದೇ ಜಾಗಕ್ಕೆ ಮತ್ತೆ ಏಟು ಬಿದ್ದರೆ ಅದು ಗಾಯವೇ ಆಗುತ್ತದೆ ಎಂಬ ಮಾತೂ ಅದೇ ಪಾಠದಲ್ಲಿದೆ. ಗುಲಾಮನಾಗಿದ್ದವನ ಬಾಯಲ್ಲಿ ಈ ಹೋಲಿಕೆ ಕೇಳಿದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಅವನು ದೈವಭಕ್ತನೆಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಎಣಿಸಲು ನಂಬಿಕೆ ಬೇಕಿಲ್ಲ. 1950ರ ದಶಕದಲ್ಲಿ ಅಮೆರಿಕದ ಆಲ್ಬರ್ಟ್ ಎಲ್ಲಿಸ್ ಎಂಬ ಮನಶ್ಶಾಸ್ತ್ರಜ್ಞ, ಸ್ವತಃ ನಾಸ್ತಿಕ, ಎಪಿಕ್ಟೆಟಸ್‌ನ ವಿಚಾರವನ್ನೇ ತಳಹದಿಯಾಗಿಟ್ಟುಕೊಂಡು ಚಿಕಿತ್ಸಾ ಕ್ರಮವೊಂದನ್ನು ಕಟ್ಟಿದ. 1994ರಲ್ಲಿ ಅಲ್ಲಿಯೇ ಶುರುವಾದ ಸ್ಮಾರ್ಟ್ ರಿಕವರಿ ಎಂಬ ಸಂಸ್ಥೆಯ ಸಭೆಗಳಲ್ಲಿ ಆ ಕ್ರಮದ ಸಾಧನಗಳನ್ನು ಇಂದಿಗೂ ಬಳಸುತ್ತಾರೆ. ಅಲ್ಲಿ ಯಾರೂ ಯಾವ ಶಕ್ತಿಗೂ ಶರಣಾಗಬೇಕಿಲ್ಲ. ನೀವು ಹೋಗಿಬಂದ ಸಭೆಗಳನ್ನು ನಾನು ಹಳಿಯುತ್ತಿಲ್ಲ. ಎಷ್ಟೋ ಮನೆಗಳನ್ನು ಅವು ಉಳಿಸಿವೆ. ನಿಮಗೆ ಹೊಂದಲಿಲ್ಲ, ಅಷ್ಟೇ. ಆದರೆ ಜೊತೆಗಾರರನ್ನು ಮಾತ್ರ ಬಿಡಬೇಡಿ.

‘ಮನಸ್ಸು ಮಾಡಿದರೆ ಬಿಡಬಹುದು’ ಎಂದು ನೆಂಟರು ನಿಮಗೆ ಸಾವಿರ ಸಲ ಹೇಳಿರುತ್ತಾರೆ. ಸ್ಟೋಯಿಕರು ಹೇಳಿದ್ದು ಅದಲ್ಲ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಜ್ಞಾನಿಯ ಮುಖವೂ ಬಿಳಿಚಿಕೊಳ್ಳುತ್ತದೆ ಎಂದು ಎಪಿಕ್ಟೆಟಸ್ ಒಪ್ಪುತ್ತಾನೆ. ಸಂಜೆ ಏಳಕ್ಕೆ ಬಾರಿನ ಮುಂದೆ ನಡೆಯುವಾಗ ಗಂಟಲು ಒಣಗುವುದು ನಿಮ್ಮ ತಪ್ಪಲ್ಲ. ‘ಒಂದು ನೈಂಟಿ ಅಷ್ಟೇ’ ಎಂದು ಒಳಗಿನಿಂದ ಬರುವ ಮಾತಿಗೆ ಹೂಂ ಎನ್ನುವುದೋ ಬೇಡವೋ ಎಂಬಲ್ಲಿ ನಿಮ್ಮ ಕೆಲಸ ಶುರು. ಆ ಮಾತನ್ನು ನಿಲ್ಲಿಸಿ, ‘ಸ್ವಲ್ಪ ತಡೆ, ನೀನು ಯಾರು, ಏನು ಹೊತ್ತು ತಂದಿದ್ದೀಯ, ನೋಡುತ್ತೇನೆ’ ಎಂದು ಕೇಳಬೇಕು ಎನ್ನುತ್ತಾನೆ ಎಪಿಕ್ಟೆಟಸ್. ಕೇಳುತ್ತಾ ಹತ್ತು ಹೆಜ್ಜೆ ನಡೆದರೆ ಬಾರು ಹಿಂದೆ ಬಿದ್ದಿರುತ್ತದೆ.

ನನ್ನ ಅಣ್ಣನೂ ಕುಡಿಯುತ್ತಿದ್ದ. ಚಿಕಿತ್ಸೆಯಿಂದ ಬಂದ ಮೇಲೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ರಾತ್ರಿ ಮಲಗುವ ಮೊದಲು ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಿದ್ದ. ಹತ್ತೊಂಬತ್ತು ಗೀಟುಗಳಾದ ಮೇಲೆ ಒಂದು ಮದುವೆಮನೆಯಲ್ಲಿ ಕುಡಿದ. ಮರುದಿನ ಬೆಳಿಗ್ಗೆ ರಬ್ಬರ್ ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಿದ್ದನ್ನು ನಾನೇ ಕಂಡೆ. ಎಪಿಕ್ಟೆಟಸ್‌ನ ಇನ್ನೊಂದು ಮಾತು ಆಗ ನೆನಪಾಯಿತು: ಇಲ್ಲಿ ಸೋತವನು ಮುಂದಿನ ಒಲಿಂಪಿಕ್ಸ್‌ಗೆಂದು ನಾಲ್ಕು ವರ್ಷ ಕಾಯಬೇಕಿಲ್ಲ, ಚೇತರಿಸಿಕೊಂಡ ಕ್ಷಣವೇ ಮತ್ತೆ ಕಣಕ್ಕಿಳಿಯಬಹುದು. ಅದನ್ನು ಹೇಳಿದೆ. ಅಣ್ಣ ಏನೂ ಮಾತನಾಡಲಿಲ್ಲ. ಅತ್ತಿಗೆ ಅವನ ಕೈಯಿಂದ ರಬ್ಬರ್ ತೆಗೆದುಕೊಂಡು ಕಾಫಿ ಲೋಟ ಕೊಟ್ಟರು. ಆ ಹತ್ತೊಂಬತ್ತು ಗೀಟುಗಳು ಹಾಗೆಯೇ ಉಳಿದವು. ಕ್ಯಾಲೆಂಡರಿನಲ್ಲಿ ಮದುವೆಯ ದಿನದ ಚೌಕ ಖಾಲಿ. ಅಂದು ರಾತ್ರಿ ಅದರ ಪಕ್ಕದಲ್ಲಿ ಹೊಸ ಗೀಟು ಬಿತ್ತು.

ನೀವೂ ಎರಡು ಸಲ ಬಿಟ್ಟಿದ್ದೀರಿ. ಆ ದಿನಗಳನ್ನು ಅಳಿಸಬೇಡಿ.

ಅಭ್ಯಾಸದ ಆ ಪಾಠವನ್ನು ಕನ್ನಡಕ್ಕೆ ಮಾಡಿ ಇಟ್ಟಿದ್ದೇನೆ, ನಾಲ್ಕೇ ಪುಟ. ನಿಮ್ಮ ವಿಳಾಸ ನನ್ನ ಬಳಿ ಮಾತ್ರ ಇದೆ. ಹೊರಗೆ ಪತ್ರಿಕೆಯ ಹೆಸರಿಲ್ಲದ ಲಕೋಟೆಯಲ್ಲಿ ಈ ವಾರವೇ ಕಳುಹಿಸುತ್ತೇನೆ.

– ಸಂಪಾದಕ